ತೋಪಿನ ಅಂಚಿನ ಗಾಲಿದಾರಿ

ಫಲೇಸಿಯ ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ, ಮೊಮ್ಮಗಳು ಅಲಿನಾಫೆಯಿಂದ. ಹೆರಿಗೆಯಲ್ಲಿ ಮಗಳು ತೀರಿಕೊಂಡು, ಕಾಲಿಗೆ ಸ್ವಾಧೀನವಿಲ್ಲದ ಕೂಸು ಮಡಿಲಿಗೆ ಬಿದ್ದಾಗ ಊರ ಹೆಂಗಸರು ಕೇಳಿದ್ದರು, "ಇದನ್ನ ಇಟ್ಕೊಂಡು ಏನ್ ಮಾಡ್ತೀಯೇ?"

"ಶಾಲೆಗೆ ಕಳಿಸ್ತೀನಿ."

ಎಲ್ಲರೂ ನಕ್ಕರು. ಫಲೇಸಿ ನಗಲಿಲ್ಲ. ಕೂಸು ಹುಡುಗಿಯಾದ ಮೇಲೆ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಶಾಲೆಗೆ ಹೊತ್ತಳು. ಶಾಲೆ ಬಿಡುವತನಕ ಅಂಗಳದಲ್ಲಿ ಮಕ್ಕಳಿಗೆ ಗಂಜಿ ಬೇಯಿಸಿ, ಮತ್ತೆ ಹೊತ್ತು ತಂದಳು.

ಹುಡುಗಿ ಬೆಳೆದಳು, ಬೆನ್ನು ಸೋತಿತು. ಇನ್ನು ಓದು ಮುಗಿದ ಹಾಗೇ ಎನ್ನುವಾಗ ಪಟ್ಟಣದಿಂದ ದಾನಿಗಳ ಸಂಘದವರು ಬಂದರು. ಶಾಲೆಗೆ ತಗಡಿನ ಸೂರು ಹೊದಿಸಿದರು, ಬಾಗಿಲ ಮೆಟ್ಟಿಲು ತೆಗೆದು ಇಳಿಜಾರು ಕಟ್ಟಿದರು, ಅಲಿನಾಫೆಗೊಂದು ಗಾಲಿಕುರ್ಚಿ ಕೊಟ್ಟರು. ಕುರ್ಚಿಗೆ ದಾರಿ ಬೇಕಲ್ಲ? ಊರದಾರಿಯ ತುಂಬ ಕೊರಕಲು. ಸಮ ನೆಲವಿದ್ದದ್ದು ಒಂದೇ ಕಡೆ, ಮಸಣದ ತೋಪಿನ ಅಂಚಿನಲ್ಲಿ. ಊರ ಮುಖ್ಯಸ್ಥನನ್ನು ಒಪ್ಪಿಸಿ ಅಲ್ಲೇ ಹುಲ್ಲು ಸವರಿಸಿದರು.

ಆ ತೋಪಿನ ಮರಕ್ಕೆ ಯಾರೂ ಕೊಡಲಿ ಹಾಕುವುದಿಲ್ಲ. ಸಾವಾದಾಗ ಮೃಗಗಳು ಹೊರಡುವುದೂ ಅಲ್ಲಿಂದಲೇ. ಮೈತುಂಬ ಮೆಕ್ಕೆಜೋಳದ ಸಿಪ್ಪೆ ಹೊದ್ದ, ಎತ್ತಿನಷ್ಟು ದೊಡ್ಡ ಮೃಗ. ಕಾಲು ಕಾಣುವುದಿಲ್ಲ, ನೆಲ ಗುಡಿಸುತ್ತ ಬರುತ್ತದೆ. ಕಂಡರೆ ಹೆಂಗಸರು, ಮಕ್ಕಳು ಓಡಲೇಬೇಕು. ಒಳಗೆ ಮನುಷ್ಯನಿದ್ದಾನೆಂದು ಬಾಯಿ ಬಿಡಕೂಡದು.

ಮೃಗಗಳನ್ನು ಹೊರಡಿಸುವ ತೋಪಿನ ಹಿರಿಯ ಬಿಸ್ವಿಕ್, ಫಲೇಸಿಯ ಸ್ವಂತ ಅಣ್ಣ. "ಸತ್ತವರ ಕಿವಿ ಹತ್ರ ಗಾಲಿ ಕಿರುಗುಟ್ಟಿಸ್ತೀಯೇನೇ?" ಎಂದು ರೇಗಿದ.

"ನಮ್ಮವ್ವನೂ ಅಲ್ಲೇ ಮಲಗವ್ಳೆ ಕಣಣ್ಣ. ನಿನ್ನ ಗೊರಕೆ ತಡ್ಕೊಂಡೋಳು, ಗಾಲಿ ಸದ್ದಿಗೆ ಬೈತಾಳಾ?"

"ನಗಾಡಬೇಡ. ಅವರು ಮುನಿದ ಗುರುತು ಒಂದು ಸಿಕ್ಕಲಿ, ದಾರಿಗೆ ಮುಳ್ಳು ಬಡೀತೀನಿ. ನಿನ್ನ ಹುಡುಗಿ ಮನೇಲಿ ಕೂತು ಕೋಳಿ ಕಾಯ್ಲಿ."

ಫಲೇಸಿಗೆ ತೋಪಿನ ವಿಷಯ ಅಣ್ಣ ಅಂದುಕೊಂಡದ್ದಕ್ಕಿಂತ ಹೆಚ್ಚು ಗೊತ್ತಿತ್ತು. ಅವಳ ಗಂಡ ಲಾಮೆಕ್ ದಕ್ಷಿಣದ ಗಣಿಯಲ್ಲಿ ಎಡಗಾಲು ಜಜ್ಜಿಸಿಕೊಂಡು ಬಂದವನು. ಅವನ ಕುಂಟನ್ನು ಊರ ಮಕ್ಕಳು ಅಣಕಿಸುತ್ತಿದ್ದರು. ಮೃಗ ಬಂದಾಗ ಅದೇ ಮಕ್ಕಳು ಬಿದ್ದೆದ್ದು ಓಡುತ್ತಿದ್ದರು. ಮರುದಿನ ಅಂಗಳ ಗುಡಿಸುವಾಗ ಫಲೇಸಿ ಮೃಗದ ಸಿಪ್ಪೆ ಎಳೆದ ಗೆರೆ ನೋಡುತ್ತಿದ್ದಳು: ಒಂದು ಕಡೆ ಆಳ, ಒಂದು ಕಡೆ ಹಗುರ. ಗೆರೆ ಅಳಿಸಿ ಸುಮ್ಮನಾಗುತ್ತಿದ್ದಳು. ಲಾಮೆಕ್ ಮಣ್ಣಾದ ದಿನವೇ ಆ ಗೆರೆ ಎಳೆಯುತ್ತಿದ್ದ ಮೃಗವನ್ನೂ ಸುಟ್ಟರು. ಅಲಿನಾಫೆ ಆಗಿನ್ನೂ ಹುಟ್ಟಿರಲಿಲ್ಲ.

ಚಳಿಗಾಲದ ಒಂದು ಬೆಳಗ್ಗೆ ಮಂಜು ಹಿಟ್ಟಿನಂತೆ ಸುರಿದಿತ್ತು. ಊರಲ್ಲಿ ಸಾವಾಗಿರಲಿಲ್ಲ, ಡೋಲಿನ ಸದ್ದಿರಲಿಲ್ಲ. ಫಲೇಸಿ ಕುರ್ಚಿ ತಳ್ಳಿಕೊಂಡು ತೋಪಿನ ಪಕ್ಕಕ್ಕೆ ಬರುತ್ತಲೇ ಸರಬರ ಸದ್ದು. ಮಂಜಿನೊಳಗಿಂದ ಮೃಗದ ಕೊಂಬು ಮೂಡಿತು.

ಫಲೇಸಿ ಓಡಿದಳು. ಹುಟ್ಟಿದಾಗಿನಿಂದ ಕಲಿತ ಕಾಲು, ಅವಳನ್ನು ಕೇಳದೆ ಓಡಿತು. ಹುಲ್ಲಿನಲ್ಲಿ ಮುಗ್ಗರಿಸಿ ಬಿದ್ದಾಗ ನೋಡಿಕೊಂಡಳು, ಕೈ ಬರಿದಾಗಿತ್ತು.

"ಅಲಿನಾಫೆ!"

ಮರಳಿ ಬಂದರೆ ಕುರ್ಚಿಯಿಲ್ಲ. ಗಾಲಿಯ ಗುರುತು ಶಾಲೆಯ ಕಡೆಗೆ ನೆಟ್ಟಗೆ ಹೋಗಿತ್ತು. ಅದರ ಬೆನ್ನಿಗೇ, ಗುಡಿಸಿದಂಥ ಗೆರೆ. ಒಂದು ಕಡೆ ಆಳ, ಒಂದು ಕಡೆ ಹಗುರ.

ಹುಡುಗಿ ಮೊದಲ ಸಾಲಿನಲ್ಲಿ ಕೂತು ಪಾಟಿ ಒರೆಸುತ್ತಿದ್ದಳು. ಉಳಿದವರು ಇನ್ನೂ ಬಂದಿರಲಿಲ್ಲ.

"ಯಾರೇ ತಳ್ಕೊಂಡ್ ಬಂದೋರು?"

"ನೋಡ್ಲಿಲ್ಲ ಅಜ್ಜಿ. ಹಿಂದೆ ಹೊಗೆ ವಾಸನೆ ಬರ್ತಿತ್ತು. ಇಳಿಜಾರಲ್ಲಿ ಏದುಸಿರು ಬಿಟ್ರು."

ಸುದ್ದಿ ಊರು ಸುತ್ತಿತು. ಸಂಜೆ ಬಿಸ್ವಿಕ್ ಮುಳ್ಳಿನ ಹೊರೆ ಹೊತ್ತು ದಾರಿಗೆ ಬಂದೇಬಿಟ್ಟ. "ಗುರುತು ಸಿಕ್ತಲ್ಲ! ಮೃಗ ಅಟ್ಟಿಸ್ಕೊಂಡು ಬಂತಂತೆ?"

"ನಾನು ಓಡ್ದೆ. ಅದು ಮಗೂನ ಶಾಲೆಗೆ ಬಿಟ್ಟು ಹೋಯ್ತು. ಮುನಿದೋರು ಹಂಗ್ ಮಾಡ್ತಾರಾ? ನಿಮ್ಮೋರನ್ನೇ ಕೇಳು."

"ನಮ್ಮೋರಾ? ಇವತ್ತು ನಮ್ಮೋರ್ ಯಾರೂ..." ಬಿಸ್ವಿಕ್ ನಾಲಿಗೆ ಕಚ್ಚಿಕೊಂಡ.

"ಯಾರೂ ಏನಣ್ಣ?"

ಬಿಸ್ವಿಕ್‌ನ ಕಣ್ಣು ನೆಲದ ಗೆರೆಯ ಮೇಲೆ ಬಿದ್ದಿತ್ತು. ಹೊರೆ ಇಳಿಸಿ, ಬಗ್ಗಿ ಮುಟ್ಟಿ ನೋಡಿದ. ಲಾಮೆಕ್ ಮಣ್ಣಾದ ದಿನ ಆ ಮೃಗಕ್ಕೆ ಬೆಂಕಿಯಿಟ್ಟದ್ದು ಅವನ ಕೈಯೇ. ಮುಳ್ಳಿನ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು, ತೋಪಿನ ಕಡೆ ನೋಡದೆ ಸರಸರನೆ ಮನೆಗೆ ನಡೆದುಬಿಟ್ಟ.

ಮಾರನೆಯ ಬೆಳಗ್ಗೆಯೂ ಮಂಜು. ತೋಪು ಹತ್ತಿರವಾಗುತ್ತಲೇ ಫಲೇಸಿಯ ಕಾಲು ಓಡಲು ತವಕಿಸಿತು. ಅವಳು ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಪಕ್ಕದಲ್ಲೇ ಒಣ ಸಿಪ್ಪೆಯ ಸದ್ದು, ಒಮ್ಮೆ ಭಾರ, ಒಮ್ಮೆ ಹಗುರ. ಶಾಲೆಯ ಹತ್ತಿರದ ಸಣ್ಣ ಏರು ಬಂದಿತು, ಕುರ್ಚಿ ಮಾತ್ರ ತೂಕವೇ ಇಲ್ಲದ ಹಾಗೆ ಹತ್ತಿತು. ಅವಳು ತಿರುಗಿ ನೋಡಲಿಲ್ಲ.

"ನಿಧಾನ, ಮುಂದೆ ಕಲ್ಲೈತೆ," ಎಂದಳು ಮೆಲ್ಲಗೆ.

"ಯಾರಿಗಜ್ಜಿ ಹೇಳಿದ್ದು?"

"ಗಾಲಿಗೆ ಕಣೇ. ನೀನು ಮುಂದೆ ನೋಡು."