ಮುಂಚೆಯೇ ಹೊದಿಸಿದ ಶಾಲು

ನಮ್ಮ ಜನಕ್ಕೆ ಯಾರ ಮೇಲಾದರೂ ಅಭಿಮಾನ ಬಂದರೆ ಶಾಲು ಹೊದಿಸದೆ ಸಮಾಧಾನವಿಲ್ಲ. ಸಿಡ್ನಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಈ ಚಟ ಬಿಟ್ಟಿಲ್ಲ. ರಿಟೈರಾದವರಿಗೆ ಶಾಲು, ಪಿಎಚ್‌ಡಿ ಮುಗಿಸಿದವರಿಗೆ ಶಾಲು, ಮಗಳ ಬಾಣಂತನಕ್ಕೆಂದು ಊರಿಂದ ಬಂದು ಎರಡು ದೇವರನಾಮ ಹಾಡಿದ ಅಜ್ಜಿಗೂ ಶಾಲು. ನಮ್ಮ ಬೀರುವಿನಲ್ಲಿ ನನ್ನ ಗಂಡನಿಗೆ ಬಂದವೇ ಆರು ಇವೆ. ಯಾವ ಸಾಧನೆಗೆ ಎಂದು ಕೇಳಿದರೆ ಅವರೂ ಸ್ವಲ್ಪ ಯೋಚಿಸಬೇಕು. ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದವಳು ನಾನೇ. ಈಗ ಆ ನಗು ಬರುವುದಿಲ್ಲ. ಒಂದು ಶಾಲಿನ ದೆಸೆಯಿಂದ ಒಬ್ಬ ಮನುಷ್ಯನಿಗೆ ಅವನು ಜೀವಮಾನವಿಡೀ ಆಸೆಪಟ್ಟಿದ್ದ ಕೆಲಸ ತಪ್ಪಿತು. ಆ ಶಾಲಿನ ಒಂದು ತುದಿಯನ್ನು ನಾನೇ ಹಿಡಿದಿದ್ದೆ.

ಅವನೂ ನಾನೂ ಮೈಸೂರಿನ ಒಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಊರೆಲ್ಲ ಕ್ರಿಕೆಟ್ ಎಂದು ಬಡಿದುಕೊಳ್ಳುತ್ತಿದ್ದಾಗ ನಮ್ಮ ಕಾಲೇಜಿಗೆ ಮಾತ್ರ ಫುಟ್‌ಬಾಲ್ ಹುಚ್ಚು. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚು. ನಮ್ಮ ಬ್ರಾಂಚಿನಲ್ಲಿ ಹುಡುಗಿಯರು ಏಳು ಜನ. ಸಂಜೆ ಮ್ಯಾಚಿದ್ದರೆ ಲ್ಯಾಬ್ ರೆಕಾರ್ಡ್ ಬರೆಯಬೇಕು ಎಂದು ಮನೆಗೆ ಸುಳ್ಳು ಹೇಳಿ ಕಾಂಪೌಂಡ್ ಗೋಡೆಯ ಮೇಲೆ ಹೋಗಿ ಕೂರುತ್ತಿದ್ದೆವು. ಅವನು ಎಡಗಡೆಯ ವಿಂಗರ್, ಕೊನೆಯ ವರ್ಷ ಕ್ಯಾಪ್ಟನ್. ಆ ವರ್ಷ ಯೂನಿವರ್ಸಿಟಿ ಕಪ್ ನಮಗೆ ಬಂತು. ಅದೇ ಮೊದಲು, ಅದೇ ಕೊನೆ. ಫೈನಲ್‌ನಲ್ಲಿ ತಾನೇ ಗೋಲು ಹೊಡೆಯಬಹುದಾದ ಜಾಗದಲ್ಲಿದ್ದು ಚೆಂಡನ್ನು ಪಕ್ಕದವನಿಗೆ ಕೊಟ್ಟ. ಹೆಸರು ಪಕ್ಕದವನಿಗೆ ಹೋಯಿತು. ಯಾಕೆ ಕೊಟ್ಟೆ ಎಂದು ನಾನು ಜಗಳಕ್ಕೆ ಹೋದರೆ, "ಅವನು ಫ್ರೀ ಇದ್ದ" ಎಂದಷ್ಟೇ ಹೇಳಿ ಶೂ ಬಿಚ್ಚುತ್ತಾ ಕೂತ. ಇದರಲ್ಲಿ ಪ್ರೇಮ ಗೀಮ ಹುಡುಕಬೇಡಿ, ಇರಲಿಲ್ಲ. ನಾನು ಬರೀ ಅಭಿಮಾನಿ. ಅಭಿಮಾನ ಪ್ರೇಮಕ್ಕಿಂತ ಹೆಚ್ಚು ದಿನ ಬಾಳುತ್ತದೆ ಎಂದು ಈಗ ಅನ್ನಿಸುತ್ತದೆ, ಹೆಚ್ಚು ಅನಾಹುತವನ್ನೂ ಮಾಡುತ್ತದೆ.

ನಾನು ಸಿಡ್ನಿಗೆ ಬಂದೆ, ಅವನು ಮೆಲ್ಬೋರ್ನಿಗೆ. ನನ್ನ ಆಫೀಸು ಚಾಟ್ಸ್‌ವುಡ್‌ನಲ್ಲಿ, ಅವನದು ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೂತು, ಶನಿವಾರ ಭಾನುವಾರ ತನ್ನ ಸಬರ್ಬ್‌ನ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ. ಕೋಚ್‌ಗಳಿಗೆಂದು ಇಲ್ಲಿ ಇರುವ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಪಾಸು ಮಾಡಿದ. ಅತ್ತ ಮೈಸೂರಿನಲ್ಲಿ ನಮ್ಮ ಕಾಲೇಜಿನ ತಂಡ ವರ್ಷ ವರ್ಷವೂ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುತ್ತಿತ್ತು. ಸಿಡ್ನಿಯಲ್ಲಿದ್ದ ಹಳೆಯ ವಿದ್ಯಾರ್ಥಿಗಳು ಹತ್ತು ಹನ್ನೆರಡು ಜನ ತಿಂಗಳಿಗೊಮ್ಮೆ ಕೆಲ್ಲಿವಿಲ್‌ನ ನಮ್ಮ ಮನೆಯಲ್ಲಿ ಸೇರಿ, ಬಿಸಿಬೇಳೆ ಬಾತ್ ತಿನ್ನುತ್ತಾ ಈ ಸೋಲಿಗೆ ಮದ್ದು ಹುಡುಕುತ್ತಿದ್ದೆವು. ಮದ್ದು ಪ್ರತಿ ತಿಂಗಳೂ ಒಂದೇ: ಅವನು ವಾಪಸ್ ಹೋಗಿ ಕೋಚ್ ಆಗಬೇಕು. ನಾವು ಯಾರೂ ವಾಪಸ್ ಹೋಗುವವರಲ್ಲ. ಮನೆಯ ಮೇಲಿನ ಸಾಲ, ಮಕ್ಕಳ ಓದು, ಎಲ್ಲರಿಗೂ ಒಂದೊಂದು ಕಾರಣ. ಆದರೆ ಅವನು ಹೋಗಬೇಕು.

ಕಳೆದ ವರ್ಷ ಫೆಬ್ರವರಿಯಲ್ಲಿ ಅವನೇ ಫೋನ್ ಮಾಡಿದ.

"ಯಾರಿಗೂ ಹೇಳ್ಬೇಡ. ಕಾಲೇಜ್ ಸೆಕ್ರೆಟರಿ ಮಾತಾಡಿದ್ರು. ಹೆಡ್ ಕೋಚ್ ಪೋಸ್ಟ್ ಹೊಸದಾಗಿ ಮಾಡ್ತಿದಾರೆ. ನನ್ನ ಹೆಸ್ರೇ ಮುಂದಿದೆ ಅಂದ್ರು. ಯುಗಾದಿ ಆದ್ಮೇಲೆ ಕಮಿಟಿ ಕೂತ್ಕೊಳತ್ತೆ. ಅಲ್ಲೀವರ್ಗೂ ಹೊರಗೆ ಹೋಗ್ಬಾರ್ದು."

"ಯಾಕೆ, ಏನು ಗುಟ್ಟು?"

"ಈಗ ಟೆಂಪರರಿಯಾಗಿ ಟೀಮ್ ನೋಡ್ಕೋತಿರೋ ಹುಡುಗ ಒಬ್ಬ ಇದಾನೆ. ಅವನಿಗೂ ಆಸೆ ಇದೆ, ಅವನ ಕಡೆಯವ್ರೂ ಕಮಿಟೀಲಿದಾರೆ. ಫಾರಿನ್‌ನಿಂದ ತಂದು ಕೂರಿಸ್ತಿದಾರೆ ಅಂತ ಆಗ್ಬಾರ್ದು ನೋಡು."

ಆಮೇಲೆ ಇನ್ನೊಂದು ವಿಷಯ ಹೇಳಿದ. ಬ್ಯಾಂಕಿನಲ್ಲಿ ಜನ ಕಡಿಮೆ ಮಾಡುತ್ತಿದ್ದರು, ಬಿಡಲು ಇಷ್ಟವಿದ್ದವರು ಹೆಸರು ಕೊಡಿ ಎಂದಿದ್ದರು. ಕೊಡಲು ಆ ವಾರವೇ ಕೊನೆಯಾಗಿತ್ತು. ಅವನು ಕೊಟ್ಟುಬಿಟ್ಟಿದ್ದ. ಕಮಿಟಿ ಕೂರುವ ಮೊದಲೇ ಯಾಕಪ್ಪಾ ಎಂದು ಕೇಳಿದ್ದಕ್ಕೆ, "ಮತ್ತೆ ಧೈರ್ಯ ಬರಲ್ಲ ಅನ್ನಿಸ್ತು" ಎಂದ. ಅವನು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೇ ಯಾಕೆ ಹೇಳಿದೆ ಎಂದೂ ಕೇಳಿದೆ. "ಯಾರಿಗಾದ್ರೂ ಹೇಳ್ಬೇಕಲ್ಲ. ನೀನು ಆ ಆಟ ಕಣ್ಣಾರೆ ನೋಡಿದವಳು" ಎಂದ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಮ್ಮಮ್ಮ ಚಿಕ್ಕಂದಿನಲ್ಲೇ ಹೇಳುತ್ತಿದ್ದರು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಗಂಡನಿಗೆ ಹೇಳಿದೆ. ಗಂಡನಿಗೆ ಹೇಳಿದರೆ ಹೇಳಿದ ಲೆಕ್ಕವಲ್ಲ ಎಂದು ನನ್ನ ವಾದ. ನಾಲ್ಕನೆಯ ದಿನ ಅಂಕಲ್‌ಗೆ ಹೇಳಿದೆ. ಅಂಕಲ್ ಎಂದರೆ ನಮಗಿಂತ ಹದಿನೈದು ವರ್ಷ ಮುಂಚೆ ಅದೇ ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವರು, ಈಗ ರಿಟೈರಾದ ಸಿವಿಲ್ ಇಂಜಿನಿಯರ್, ನಮ್ಮ ಗುಂಪಿಗೆ ಹಿರಿಯರು. ಅವರ ಕಣ್ಣಲ್ಲಿ ನೀರೇ ಬಂತು. ಅಂಥವರಿಗೆ ಹೇಳಿದ್ದು ತಪ್ಪು ಎಂದು ಹೇಗೆ ಅನ್ನಿಸುತ್ತದೆ?

ಮಾರ್ಚಿನಲ್ಲಿ ಅವನು ತನ್ನ ಕೆಲಸವನ್ನು ಬ್ಯಾಂಕಿನ ಸಿಡ್ನಿ ಆಫೀಸಿನವರಿಗೆ ಒಪ್ಪಿಸಿಕೊಡಲು ಬಂದ. ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದೆ. ಮೆಟ್ರೊ ಸ್ಟೇಷನ್ನಿನಿಂದ ಕರೆತರುವಾಗ ಮನೆಯಲ್ಲಿ ಜನ ಸೇರಿರುವುದನ್ನು ನಾನು ಹೇಳಲಿಲ್ಲ. ಮನೆಯ ಬಾಗಿಲು ತೆಗೆದರೆ ಹಾಲ್ ತುಂಬ ಜನ, ಎಲ್ಲರೂ ಚಪ್ಪಾಳೆ. ಟೀಪಾಯಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ಹಣ್ಣು, ತೆಂಗಿನಕಾಯಿ, ಗಂಧದ ಹಾರ, ಶಾಲು, ಅಂಕಲ್‌ಗೆ ಯಾವಾಗಲೋ ಯಾರೋ ತೊಡಿಸಿದ್ದ ಮೈಸೂರು ಪೇಟ. ಅವನ ಮುಖ ನೋಡಿದೆ. ಸಂತೋಷ ಎಂದುಕೊಂಡೆ. ನಾನು ನೋಡಬೇಕೆಂದಿದ್ದದ್ದು ಅದೇ, ಹಾಗಾಗಿ ಅದೇ ಕಂಡಿತು.

"ಇನ್ನೂ ಏನೂ ಆಗಿಲ್ಲ ಅಂಕಲ್. ಬೇಡ, ಪ್ಲೀಸ್" ಎಂದು ಮೆಲ್ಲಗೆ ಹೇಳಿದ.

"ಆದಂಗೇ ಬಿಡಯ್ಯ. ನೀನಲ್ದೆ ಇನ್ಯಾರು?" ಎಂದರು ಅಂಕಲ್.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಮಗಳು, ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, "ಅಮ್ಮಾ, ಹಿ ಹ್ಯಾಸಂಟ್ ಗಾಟ್ ದ ಜಾಬ್ ಯೆಟ್" ಎಂದಳು. ಸುಮ್ಮನಿರು ಎಂದು ಗದರಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಗಾದೆಯನ್ನು ಅವಳಿಗೆ ಕಲಿಸಿದವಳು ನಾನೇ. ಗಾದೆ ಬಾಯಲ್ಲಿದ್ದರೆ ಸಾಲದು.

ಮನೆಗೆ ಕರೆದು ಹೊದಿಸಲು ಬಂದ ಶಾಲನ್ನು ನಮ್ಮಲ್ಲಿ ಯಾರೂ ತಳ್ಳುವುದಿಲ್ಲ. ಹಿರಿಯರ ಕೈಯಿಂದ ಬಂದದ್ದನ್ನಂತೂ ಇಲ್ಲವೇ ಇಲ್ಲ. ಅವನು ತಲೆ ಬಗ್ಗಿಸಿದ. ಅಂಕಲ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹೊದಿಸಿದೆವು. ಪೇಟ ದೊಡ್ಡದಾಗಿ ಹುಬ್ಬಿನವರೆಗೂ ಇಳಿಯಿತು, ಎಲ್ಲರೂ ನಕ್ಕರು, ಅವನೂ ನಕ್ಕ. ನನ್ನ ಗಂಡ ಫೋಟೊ ತೆಗೆದರು. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ನಾನು ಆ ಫೋಟೊವನ್ನು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: ನಮ್ಮ ಕಾಲೇಜಿನ ಹೊಸ ಹೆಡ್ ಕೋಚ್‌ಗೆ ಸಿಡ್ನಿಯಲ್ಲಿ ಸನ್ಮಾನ. ಆ ಸಾಲನ್ನು ಯಾರೂ ನನ್ನ ಕೈಹಿಡಿದು ಬರೆಸಲಿಲ್ಲ.

ಅವನು ಸಂಜೆ ಏರ್‌ಪೋರ್ಟಿನಿಂದ ಫೋನ್ ಮಾಡಿ, "ಆ ಫೋಟೊ ತೆಗ್ದುಬಿಡು" ಎಂದ. ತಕ್ಷಣ ತೆಗೆದೆ. ಆದರೆ ಅಷ್ಟರಲ್ಲಿ ಅದು ಮೈಸೂರು ತಲುಪಿ, ಕಮಿಟಿಯವರ ಫೋನುಗಳಲ್ಲಿ ಓಡಾಡುತ್ತಿತ್ತು. ಎರಡು ದಿನ ಬಿಟ್ಟು ಸೆಕ್ರೆಟರಿ ಅವನಿಗೆ ಹೇಳಿದ್ದು ಇಷ್ಟು: "ಆಸ್ಟ್ರೇಲಿಯಾದಲ್ಲೇ ಅಪಾಯಿಂಟ್ ಮಾಡ್ಕೊಂಡ್ಬಿಟ್ರಂತಲ್ಲ ಸರ್, ಇನ್ನು ನಮ್ಮ ಕಮಿಟಿ ಯಾಕೆ ಅಂತ ಮೆಂಬರ್ಸ್ ಕೇಳ್ತಿದಾರೆ." ಯುಗಾದಿಯಾದ ಮೇಲೆ ಕಮಿಟಿ ಕೂತಿತು. ಟೆಂಪರರಿಯಾಗಿದ್ದ ಹುಡುಗನೇ ಹೆಡ್ ಕೋಚ್ ಆದ.

ನಮ್ಮ ಗುಂಪಿನಲ್ಲಿ ಎಲ್ಲರೂ ಕಮಿಟಿಯನ್ನು ಬೈದರು. ಪಾಲಿಟಿಕ್ಸ್ ಎಂದರು, ನಮ್ಮ ದೇಶ ಉದ್ಧಾರ ಆಗಲ್ಲ ಎಂದರು. ನಾನೂ ಒಂದು ವಾರ ಬೈದೆ, ಆ ಹೊಸ ಹುಡುಗನನ್ನೂ ಸೇರಿಸಿ ಬೈದೆ. ಬೈಯುವಷ್ಟು ಹೊತ್ತು ನನ್ನ ಪಾಲು ಮರೆತಿರುತ್ತಿತ್ತು. ಅಂಕಲ್ ಮಾತ್ರ ಬೈಯಲಿಲ್ಲ. ಆ ತಿಂಗಳ ಊಟಕ್ಕೂ ಬರಲಿಲ್ಲ.

ಮೇ ತಿಂಗಳಲ್ಲಿ ನಾನೊಬ್ಬಳೇ ಮೆಲ್ಬೋರ್ನಿಗೆ ಹೋದೆ. ಬ್ಯಾಂಕಿನಲ್ಲಿ ಅವನ ಕೊನೆಯ ದಿನ ಅದು. ಅವನ ಜಾಗ ಆಗಲೇ ಪಟ್ಟಿಯಿಂದ ಹೋಗಿತ್ತು, ಹೆಸರು ವಾಪಸ್ ತೆಗೆದುಕೊಳ್ಳಲು ಬರುವಂತಿರಲಿಲ್ಲ. ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಇಳಿದರೆ ಅವನು ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ. ನೀರಿನ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ವಿಮಾನದಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು ಅತ್ತುಬಿಟ್ಟೆ. ಐವತ್ತಮೂರು ವರ್ಷದ ಹೆಂಗಸು ಟ್ರಾಮ್ ಸ್ಟಾಪಿನಲ್ಲಿ ನಿಂತು ಅಳುವುದನ್ನು ಇಲ್ಲಿಯ ಜನ ಬಹಳ ಸಭ್ಯವಾಗಿ ನೋಡದೆ ಹೋಗುತ್ತಾರೆ.

"ನನ್ನಿಂದ ಹೀಗಾಯ್ತು" ಎಂದೆ.

"ಹೌದು" ಎಂದ ಅವನು. ಇಲ್ಲ ಎನ್ನುತ್ತಾನೆ ಎಂದು ನಾನು ಎಲ್ಲೋ ಆಸೆ ಇಟ್ಟುಕೊಂಡಿದ್ದೆನೇನೋ. ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿ, "ನಾನೂ ಬೇಡ ಅಂತ ಜೋರಾಗಿ ಹೇಳ್ಬೇಕಿತ್ತು. ಹೇಳಕ್ಕಾಗ್ಲಿಲ್ಲ. ಬಾ, ಊಟ ಮಾಡು" ಎಂದ.

ಮನೆಯಲ್ಲಿ ಅವನ ಹೆಂಡತಿ ಅನ್ನ, ಹುರುಳಿಕಾಯಿ ಪಲ್ಯ, ಸಾರು ಮಾಡಿದ್ದಳು. ಮೊದಲ ಸಲ ಭೇಟಿಯಾದಾಗಿನಿಂದ ನನ್ನನ್ನು ಅಕ್ಕ ಎಂದೇ ಕರೆಯುವವಳು. ಅವನು ಕೈತೊಳೆಯಲು ಹೋದಾಗ ನನ್ನ ತಟ್ಟೆಗೆ ಸಾರು ಬಡಿಸುತ್ತಾ ಹೇಳಿದಳು: "ನೀವು ಕೆಟ್ಟದ್ದಕ್ಕೆ ಮಾಡಿಲ್ಲ, ಗೊತ್ತು ಅಕ್ಕ. ಆದ್ರೆ ಮದ್ವೆಯಾಗಿ ಇಷ್ಟು ವರ್ಷಕ್ಕೆ ಇವ್ರು ತಮಗೇ ಅಂತ ಕೇಳಿದ್ದು ಇದೊಂದೇ. ನಾನೂ ನನ್ನ ಕೆಲ್ಸ ಬಿಟ್ಟು ಹೊರಡೋಣ ಅಂತ ರೆಡಿಯಾಗಿದ್ದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಇನ್ನೊಂದು ಸೌಟು ಸಾರು ಹಾಕಿ, ಹಪ್ಪಳ ಕೊಡಲಾ ಎಂದು ಕೇಳಿದಳು. ಮಕ್ಕಳ ತಂಡವನ್ನೂ ಅವನು ಕಮಿಟಿ ಕೂರುವ ಮೊದಲೇ ಇನ್ನೊಬ್ಬರಿಗೆ ಒಪ್ಪಿಸಿದ್ದನಂತೆ. ಈಗ ಶನಿವಾರ ಬೆಳಿಗ್ಗೆ ಏನು ಮಾಡಬೇಕೋ ತಿಳಿಯದೆ ಕಾರು ತೊಳೆಯುತ್ತಾರೆ ಎಂದಳು.

ಹೊರಡುವಾಗ ಅವನು ಒಂದು ನೋಟ್‌ಬುಕ್ ತಂದು ಕೊಟ್ಟ. ನಮ್ಮ ಕಾಲೇಜಿನ ಹುಡುಗರು ತಮ್ಮ ಮ್ಯಾಚುಗಳ ವಿಡಿಯೊಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಎರಡು ವರ್ಷದ ಆ ವಿಡಿಯೊಗಳನ್ನೆಲ್ಲ ಅವನು ನಿಲ್ಲಿಸಿ ನಿಲ್ಲಿಸಿ ನೋಡಿ, ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಪುಟದಂತೆ ಬರೆದಿಟ್ಟಿದ್ದ.

"ಇದನ್ನ ಆ ಹೊಸ ಕೋಚ್‌ಗೆ ಕಳ್ಸು. ಅವನಿಗೆ ಉಪಯೋಗಕ್ಕೆ ಬರುತ್ತೆ. ನನ್ನ ಹೆಸ್ರು ಮಾತ್ರ ಹೇಳ್ಬೇಡ. ಹೇಳಿದ್ರೆ ಅವನು ಓದಲ್ಲ, ಕಮಿಟೀಲಿ ಮತ್ತೆ ಗಲಾಟೆ ಆಗುತ್ತೆ."

"ನಂಗ್ ಕೊಡ್ತಿದೀಯಲ್ಲ. ನಾನು ಹೇಳಲ್ಲ ಅಂತ ಹೇಗೆ ನಂಬ್ತೀಯ?"

"ನಂಬ್ತೀನಿ" ಎಂದ.

ವಿಮಾನದಲ್ಲಿ ಅದನ್ನು ಓದಿದೆ. ಹೆಸರು ಗೊತ್ತಿಲ್ಲದವರನ್ನು ಜೆರ್ಸಿಯ ನಂಬರಿನಿಂದ ಗುರುತಿಸಿದ್ದ. ನಾಲ್ಕು: ಎಡ ಮಂಡಿ ನೋವು ಮುಚ್ಚಿಡುತ್ತಿದ್ದಾನೆ, ಮೊದಲ ವಾರವೇ ಡಾಕ್ಟರಿಗೆ ತೋರಿಸಬೇಕು. ಒಂಬತ್ತು: ಎಲ್ಲರೆದುರು ಬೈದರೆ ಕುಗ್ಗುತ್ತಾನೆ, ಪಕ್ಕಕ್ಕೆ ಕರೆದು ಹೇಳಬೇಕು. ಹದಿನಾಲ್ಕು: ಬೆಂಚಿನಲ್ಲೇ ಕೂರಿಸುತ್ತಾರೆ, ಯಾಕೆ? ಮೊದಲ ಪುಟದಲ್ಲಿ ಅವನು ತನಗೇ ಬರೆದುಕೊಂಡಿದ್ದ ಒಂದೇ ಸಾಲಿತ್ತು: ಮೊದಲ ದಿನ ನಾನು ಏನೂ ಮಾತಾಡಬಾರದು, ಅವರ ಆಟ ನೋಡಬೇಕು. ಆ ಪುಟವನ್ನು ದಾಟಿ ಮುಂದಕ್ಕೆ ಹೋಗಲು ನನಗೆ ಬಹಳ ಹೊತ್ತು ಹಿಡಿಯಿತು.

ಸೋಮವಾರ ಆಫೀಸಿನಲ್ಲಿ ಆ ಮೊದಲ ಪುಟವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸ್ಕ್ಯಾನ್ ಮಾಡಿ ಹೊಸ ಕೋಚ್‌ಗೆ ಕಳಿಸಿದೆ. ನಾನೂ ಹಳೆಯ ವಿದ್ಯಾರ್ಥಿನಿ, ತಂಡದ ಅಭಿಮಾನಿ ಎಂದಷ್ಟೇ ಬರೆದೆ. ನಾಲ್ಕು ದಿನ ಉತ್ತರ ಬರಲಿಲ್ಲ. ಐದನೆಯ ದಿನ ಬಂತು. ನಾನು ಅಷ್ಟೊಂದು ಬೈದಿದ್ದ ಆ ಹುಡುಗ ಬಹಳ ಮರ್ಯಾದೆಯಿಂದ ಬರೆದಿದ್ದ: "ಮೇಡಂ, ನಾಲ್ಕನೇ ನಂಬರ್ ಹುಡುಗನ ಮಂಡಿಯ ವಿಷಯ ನನಗೇ ಗೊತ್ತಿರಲಿಲ್ಲ. ಕೇಳಿದರೆ ಹೌದು ಸರ್ ಎಂದ. ಇದನ್ನು ಬರೆದವರು ಯಾರು? ನಾನು ಕಲಿಯುವುದು ಇನ್ನೂ ಬಹಳ ಇದೆ. ಅವರನ್ನು ಹೇಗಾದರೂ ಮಾಡಿ ಒಂದು ಸೀಸನ್ ಇಲ್ಲಿಗೆ ಕರೆಸಲು ಆಗುತ್ತದೆಯೇ? ಕಮಿಟಿಯ ಹತ್ತಿರ ನಾನೇ ಮಾತಾಡುತ್ತೇನೆ."

ಕೂಡಲೇ ಮೆಲ್ಬೋರ್ನಿಗೆ ಫೋನ್ ಮಾಡಿ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದ, ಓದಿದೆ. ಆಮೇಲೆ, "ಕಮಿಟಿಯವ್ರಿಗೆ ಗೊತ್ತಾದ್ರೆ ಆ ಹುಡುಗನ್ನೂ ತೆಗೀತಾರೆ. ಬೇಡ" ಎಂದ. ಫೋನ್ ಇಟ್ಟ.

ಹುಡುಗನಿಗೆ ಉತ್ತರ ಬರೆಯಲು ಕೂತೆ. ನೋಟ್‌ಬುಕ್ ಬರೆದವನ ಹೆಸರನ್ನು ಟೈಪ್ ಮಾಡಿ ಅಳಿಸಿದೆ. ಇನ್ನೊಮ್ಮೆ ಮಾಡಿ ಇನ್ನೊಮ್ಮೆ ಅಳಿಸಿದೆ. ಕೊನೆಗೆ, ಬರೆದವರು ಹಳೆಯ ವಿದ್ಯಾರ್ಥಿ ಒಬ್ಬರು, ಅವರಿಗೆ ಬರಲು ಆಗುವುದಿಲ್ಲ ಎಂದು ಬರೆದು ಕಳಿಸಿದೆ.