ಅವರು ಕುಡಿದಿರಲಿಲ್ಲ

ಹೋದ ಏಪ್ರಿಲ್‌ನ ಎರಡನೇ ಶನಿವಾರ ಸಂಜೆ ಆರೂಕಾಲಿಗೆ ನಾನು ದೊಡ್ಡಬಳ್ಳಾಪುರದ ಶಾಲಾ ಮೈದಾನದಲ್ಲಿ, ಪೆಂಡಾಲಿನ ಬಾಗಿಲ ಎಡಗಂಬದ ಬಳಿ ನಿಂತಿದ್ದೆ. ಇನ್ನೂ ಬೆಳಕಿತ್ತು. ಕೈಯಲ್ಲಿ ಪನ್ನೀರುದಾನಿ. ನಗರದ ಬೇಸಿಗೆ ಕಲಾ ಉತ್ಸವಕ್ಕೆ ಬಂದವರ ಮೇಲೆ ಪನ್ನೀರು ಚಿಮುಕಿಸಿ, ಒಳಗೆ ಕರೆದು ಕೂರಿಸುವುದು ನನ್ನ ಕೆಲಸ. ತಲೆಯ ಮೇಲಿನ ಬ್ಯಾನರಿನಲ್ಲಿ ‘ಇದು ನಿಮ್ಮದೇ ಹಬ್ಬ, ಎಲ್ಲರಿಗೂ ಸ್ವಾಗತ’ ಎಂದಿತ್ತು. ಆ ಸಾಲು ಬರೆದುಕೊಟ್ಟವನೂ ನಾನೇ.

ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ನಲವತ್ತು ವರ್ಷ ಪವರ್‌ಲೂಮ್ ಓಡಿಸಿ ಕಿವಿ ಕಳೆದುಕೊಂಡವರು. ನಾನೂ ಮಗ್ಗದವನೇ. ಆ ಸದ್ದಿನಲ್ಲಿ ನಾವು ಒಬ್ಬರ ತುಟಿ ನೋಡಿ ಇನ್ನೊಬ್ಬರ ಮಾತು ತಿಳಿಯುತ್ತೇವೆ. ಹೊರಗೆ ಬಂದರೂ ಕೂಗಿಯೇ ಮಾತಾಡುತ್ತೇವೆ. ಆ ದಿನ ಅವರ ಕೊನೆಯ ಮಗಳು ಮೊದಲ ಸಲ ವೇದಿಕೆ ಹತ್ತಿ ಹಾಡುವವಳಿದ್ದಳು.

“ಎಲ್ಲಿ ಕೂರ್ಲಪ್ಪಾ? ಅವಳ ಬಾಯಿ ಕಾಣ್ಬೇಕು ನಂಗೆ!”

“ಬನ್ನಿ ಮಾವ, ಊರಿಗೆಲ್ಲ ಕೇಳಿಸ್ತು,” ಎಂದು ನಕ್ಕು, ಮೊದಲ ಸಾಲಿನಲ್ಲಿ ಕೂರಿಸಿದೆ.

ಹತ್ತು ನಿಮಿಷದಲ್ಲಿ ಬೆಂಗಳೂರಿನಿಂದ ಬಂದಿದ್ದ ಸಂಘಟಕರು ಅವರ ಮುಂದೆ ನಿಂತರು. “ಇದು ಗೆಸ್ಟ್‌ಗಳ ಸಾಲು. ಹಿಂದೆ ಹೋಗಿ.”

ಹಿರಿಯರು ತುಟಿ ಓದಿಕೊಂಡು, ತಮ್ಮ ಎಂದಿನ ದನಿಯಲ್ಲೇ ಉತ್ತರಿಸಿದರು: “ನನ್ ಮಗಳು ಹಾಡ್ತಾಳೆ ಕಣಪ್ಪಾ! ಒಂದೇ ಹಾಡು! ಆಮೇಲೆ ಎದ್ದೋಗ್ತೀನಿ!”

ಸಂಘಟಕರು ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ತಿರುಗಿದರು. “ಕುಡ್ಕೊಂಡ್ಬಂದು ಗಲಾಟೆ ಮಾಡ್ತಿದ್ದಾನೆ ಗುರು. ಎಬ್ಬಿಸು. ಇಲ್ಲಾಂದ್ರೆ ಆ ಮಗಳ ಹಾಡೂ ಕ್ಯಾನ್ಸಲ್.”

ಪನ್ನೀರು ಹಾಕುವಾಗ ನಾನು ಅವರ ಮುಖಕ್ಕೆ ಒಂದು ಗೇಣು ದೂರದಲ್ಲಿದ್ದೆ. ಏಲಕ್ಕಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಇದು ನೇಕಾರರ ದನಿ, ನಾವೆಲ್ಲ ಹೀಗೇ ಮಾತಾಡುವುದು ಎಂದು ಹೇಳಬಹುದಿತ್ತು. ಅದರ ಬದಲು ತೋಳು ಹಿಡಿದು ಎಬ್ಬಿಸಿದೆ. ನಾನೇನಾದರೂ ಹೇಳುತ್ತೇನೆಂದು ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಪೆಂಡಾಲಿನ ಕೊನೆಯಲ್ಲಿ, ಜನರೇಟರ್ ಪಕ್ಕ ನಿಲ್ಲಿಸಿ ಬಂದೆ.

ಮಗಳು ಹಾಡಿದಳು. ಅವರು ಮನೆಗೆ ಹೊರಟ ಮೇಲೆ ನಾನೇ ಹೋಗಿ ಅವರು ನಿಂತಿದ್ದ ಜಾಗದಲ್ಲಿ ನಿಂತು ನೋಡಿದೆ: ವೇದಿಕೆಯ ಮೇಲಿನವರ ಮುಖ ಹೆಬ್ಬೆರಳಿನ ಉಗುರಿನಷ್ಟು. ತುಟಿ ಎಲ್ಲಿ ಕಾಣಬೇಕು? ಮಗಳ ಹಾಡು ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ಅವರೂ ತಟ್ಟಿದರು. ಅತಿಥಿಗಳ ಕಾರು ಯಲಹಂಕದ ಟ್ರಾಫಿಕ್ಕಿನಲ್ಲಿತ್ತಂತೆ. ಅವರು ಬರಲೇ ಇಲ್ಲ. ಬಾರದವರ ಕುರ್ಚಿಗೆ ಮರ್ಯಾದೆ ಕೊಡಲು, ಬಂದ ಮನುಷ್ಯನ ತೋಳಿಗೆ ಕೈ ಹಾಕಿದೆವು.

ಕಾರ್ತಿಕದಲ್ಲಿ ಆ ಹಿರಿಯರು ತೀರಿಕೊಂಡರು. ಮೊನ್ನೆ ಅದೇ ಸಂಘಟಕರ ಫೋನ್ ಬಂತು: “ಈ ಸಲಾನೂ ವೆಲ್ಕಮ್ ನಿಂದೇ ಗುರು. ಹೋದ್ಸಲ ಆ ಕುಡುಕನ್ನ ಎಷ್ಟು ನೀಟಾಗಿ ಹ್ಯಾಂಡಲ್ ಮಾಡ್ದೆ!”

ಕುಡುಕ. ಸತ್ತ ಮೇಲೂ ಅದೇ ಹೆಸರು ಉಳಿಯುತ್ತದೆ ಎಂದು ಗೊತ್ತಾದದ್ದರಿಂದ ಇದನ್ನು ಬರೆದಿದ್ದೇನೆ. ನಾನು ಅವರನ್ನು ಎಬ್ಬಿಸಿದ್ದನ್ನು ಹತ್ತಿರದಿಂದ ಕಂಡು, ಅವರು ಕುಡಿದಿರಲಿಲ್ಲ ಎಂದು ಹೇಳಬಲ್ಲವರು ಇನ್ನೂ ಮೂವರಿದ್ದಾರೆ: ಎರಡನೇ ಸಾಲಿನಲ್ಲಿ ಕೂತಿದ್ದ ಬಸ್ ನಿಲ್ದಾಣದ ಹೂ ಮಾರುವಾಕೆ, ಮೈಕಿನವನು, ವೇದಿಕೆಯ ಪರದೆ ಸರಿಸಿ ಅಪ್ಪನನ್ನು ಹುಡುಕುತ್ತಿದ್ದ ಅವರ ಮಗಳು.