ಹಿಂದಕ್ಕೆ ಬರುವ ಕಾರು

ನಮ್ಮ ಮನೆಗೆ ಕಾರು ಆರಿಸಿದವಳು ನಾನು ಎಂದು ನಮ್ಮೂರು ಕರೋಶಿಯಲ್ಲಿ ಹೇಳಿಕೊಳ್ಳುತ್ತಾರೆ. ಸುಳ್ಳು. ಆರಿಸಿದ್ದು ಕಬ್ಬಿನ ಟ್ರ್ಯಾಕ್ಟರು. ನಾನು ಜಗಳ ಮಾಡಿದೆ, ಅಷ್ಟೇ. ಅದು ನನಗೆ ರೂಢಿ.

ಕಾರು ಬೇಕಾಗಿದ್ದು ಸೊಸೆ ರೇಖಾಳಿಗೆ. ಚಿಕ್ಕೋಡಿಯ ಒಂದು ದವಾಖಾನೆಯಲ್ಲಿ ಅವಳು ನರ್ಸು. ಬರುವ ಸೋಮವಾರದಿಂದ ಮುಂಜಾನೆ ಏಳಕ್ಕೆ ಹಾಜರಿರಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಲ್ಲಿ ಹೇಳಿಬಿಟ್ಟಿದ್ದರು. ನಮ್ಮದು ಊರಾಚೆಯ ತೋಟದ ಮನೆ. ಮೊದಲ ಬಸ್ಸು ಹಿಡಿಯುವ ಹೊತ್ತಿಗೇ ಏಳು ಹೊಡೆದಿರುತ್ತದೆ. ಅವಳು ಲೈಸೆನ್ಸು ಮಾಡಿಸಿ ವರ್ಷವಾಗಿತ್ತು. ಹಳೆಯ ಕಾರೊಂದನ್ನು ತರುವುದೆಂದು ನಿಶ್ಚಯವಾಯಿತು. ಅಲ್ಲಿಂದ ಮುಂದೆ ಕೆಲಸ ಗಂಡಸರ ಕೈಗೆ ಹೋಯಿತು.

ನಿಪ್ಪಾಣಿಯಲ್ಲಿ ಹಳೆಯ ಗಾಡಿ ಮಾರುವ ದಸ್ತಗೀರನ ಬಳಿ ಎರಡು ಕಾರು ನಿಂತಿದ್ದವು. ಒಂದು ಬಿಳಿ, ಎತ್ತರದ್ದು, ಏಳು ಜನ ಕೂಡುವಂಥದ್ದು. ಇನ್ನೊಂದು ಸಣ್ಣದು, ಕೆಂಪು, ಬಾಗಿಲ ಮೇಲೆ ಉದ್ದಕ್ಕೆ ಗೀರು. ನನ್ನ ಮಗ ಅಪ್ಪಾಸಾಹೇಬ ಬಿಳಿಯದರ ಸುತ್ತ ಮೂರು ಸಲ ತಿರುಗಿದ. ಕೆಂಪಿನ ಕಡೆ ಬೆನ್ನು ಮಾಡಿ ನಿಂತ. ಅಥಣಿಯ ಬೀಗರು ಬಂದರೆ ಎಷ್ಟು ಜನ, ರಾಯಬಾಗದ ಮದುವೆಗೆ ಎಷ್ಟು ಜನ ಎಂದು ಬೆರಳು ಮಡಚಿದ. ದಿನಾ ಮುಂಜಾನೆ ಎಷ್ಟು ಜನ ಎಂದು ನಾನು ಕೇಳಿದೆ. ಅವನು ಬೆರಳು ಬಿಟ್ಟ. ದಿನಾ ಹೋಗುವವಳು ಒಬ್ಬಳು, ಜೊತೆಗೆ ಅವಳ ಬುತ್ತಿ.

ನಮ್ಮ ಕಡೆ ಎಲ್ಲರೂ ಗಾಡಿ ತರುವುದು ಹೀಗೆಯೇ. ವರ್ಷಕ್ಕೆರಡು ಸಲ ಬರುವವರಿಗೆ ಸೀಟು ಎಣಿಸುತ್ತೇವೆ. ದಿನಾ ಓಡಿಸುವವಳ ಕಾಲು ಬ್ರೇಕಿಗೆ ಮುಟ್ಟುತ್ತದೋ ಇಲ್ಲವೋ ನೋಡುವುದಿಲ್ಲ. ನಾನೂ ಸಾಚಾ ಅಲ್ಲ. ನಮ್ಮ ಅಟ್ಟದ ಮೇಲೆ ಐವತ್ತು ಜನಕ್ಕೆ ಅನ್ನ ಬೇಯುವ ಪಾತೇಲಿ ಇದೆ. ದಿನಾ ಚಹಾ ಕುದಿಸುವ ಪಾತ್ರೆಯ ಹಿಡಿ ಮುರಿದು ವರ್ಷಗಳಾದವು. ಬಟ್ಟೆ ಹಿಡಿದು ಇಳಿಸುತ್ತೇನೆ.

ನನ್ನ ಮಾವನವರು ಎತ್ತು ಕೊಳ್ಳುವ ರೀತಿ ಬೇರೆ ಇತ್ತು. ಸಂತೆಯಲ್ಲಿ ಉಳಿದವರು ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಕೋಡಿನ ಚಂದ ನೋಡುತ್ತಿದ್ದರು. ಇವರು ಗಾಡಿಗೆ ಹೂಡಿ ಹಿಂದಕ್ಕೆ ಸರಿಸಿ ನೋಡುತ್ತಿದ್ದರು. ಮುಂದಕ್ಕೆ ಎಳೆಯುವುದು ಎಲ್ಲ ಎತ್ತಿಗೂ ಬರುತ್ತದೆ, ಗಾಡಿಯನ್ನು ಹಿಂದಕ್ಕೆ ಒತ್ತುವ ಎತ್ತು ಸಾವಿರಕ್ಕೊಂದು ಎನ್ನುತ್ತಿದ್ದರು. ಜನ ನಗುತ್ತಿದ್ದರು. ಹೊಸ ಸೊಸೆಯಾಗಿದ್ದ ನಾನೂ ಸೆರಗು ಅಡ್ಡ ಹಿಡಿದು ನಕ್ಕವಳೇ.

ದಸ್ತಗೀರನಿಗೆ ಹೇಳಿದೆ: “ಎರಡೂ ನಮ್ಮ ಹಾದ್ಯಾಗ ಓಡ್ಲಿ. ಆಮ್ಯಾಲ ಮಾತು.”

“ಎಲ್ಲಾ ಹಾದೀನೂ ಒಂದ ಅಲ್ಲೇನ್ರಿ ಆಯಿ?” ಎಂದ ಅವನು.

ಅಲ್ಲ. ನಮ್ಮ ಹಾದಿಗೆ ಒಂದು ಕಡೆ ಕಾಲುವೆ, ಒಂದು ಕಡೆ ಕಬ್ಬು, ನಡುವೆ ಒಂದೇ ಗಾಡಿಯ ಅಗಲ. ಕಬ್ಬು ಕಡಿಯುವ ತಿಂಗಳಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು ಟ್ರ್ಯಾಕ್ಟರು ಎದುರು ಬರುತ್ತದೆ. ಅದಕ್ಕೆ ಹಿಂದೆ ಸರಿಯಲು ಆಗುವುದಿಲ್ಲ. ಎದುರಿಗೆ ಸಿಕ್ಕವರು ಯಾರೇ ಆಗಲಿ, ಗಾಡಿ ಒಳಗಿಳಿಯುವ ಹೊಲದ ಬಾಯಿಯವರೆಗೆ ಹಿಂದೆ ಹೋಗಬೇಕು.

ಮೊದಲು ಬಿಳಿ ಕಾರು ಬಂತು. ಅಪ್ಪಾಸಾಹೇಬನೇ ಓಡಿಸಿದ, ನಾವೆಲ್ಲ ಒಳಗೆ. ಅರ್ಧ ಹಾದಿಗೆ ಟ್ರ್ಯಾಕ್ಟರು ಎದುರಾಯಿತು. ಅವನು ಹಿಂದಕ್ಕೆ ತೆಗೆದ, ಕಾಲುವೆಯ ಕಡೆ ಹೊರಳಿತು. ಮುಂದಕ್ಕೆ ತಂದ, ಕಬ್ಬಿಗೆ ನುಗ್ಗಿತು. ದಸ್ತಗೀರ ಇಳಿದು ಎರಡೂ ಕೈ ಬೀಸತೊಡಗಿದ. ಟ್ರ್ಯಾಕ್ಟರಿನವನು ಎಂಜಿನ್ ಬಂದ್ ಮಾಡಿ ತಂಬಾಕು ತಿಕ್ಕುತ್ತ ಕೂತ. ರೇಖಾಳ ಕೈಗೆ ಕೊಡು ಎಂದು ಮಗನಿಗೆ ಹೇಳಿದೆ. ಅವಳು ಕೂತು ಕತ್ತು ಎತ್ತಿ ತಿರುಗಿದಳು. ಹಿಂದಿನ ಗಾಜಿನಲ್ಲಿ ಬರೀ ಆಕಾಶ. ಕೊನೆಗೆ ದಸ್ತಗೀರನೇ ಕಾರನ್ನು ಹೊಲದ ಬಾಯಿಗೆ ಮುಟ್ಟಿಸಿದ.

ಎರಡನೆಯ ದಿನ ಕೆಂಪು ಕಾರು. ಈ ಸಲ ಮೊದಲಿಂದಲೂ ರೇಖಾಳೇ ಓಡಿಸಿದಳು. ಟ್ರ್ಯಾಕ್ಟರೂ ತಪ್ಪಲಿಲ್ಲ. ಅವಳು ಒಮ್ಮೆ ಹಿಂದೆ ನೋಡಿದಳು, ಮತ್ತೊಮ್ಮೆ ನೋಡಿದಳು, ನೂಲು ಹಿಡಿದಂತೆ ಹಿಂದಕ್ಕೆ ಹೋಗಿ ಹೊಲದ ಬಾಯಿಯಲ್ಲಿ ನಿಲ್ಲಿಸಿದಳು. ಟ್ರ್ಯಾಕ್ಟರು ಹಾದುಹೋಯಿತು.

“ಅತ್ತಿ, ಇದ್ರಾಗ ನನಗ ಹಿಂದಿಂದು ಕಾಣತೈತ್ರಿ,” ಎಂದಳು. ಎರಡು ದಿನದಲ್ಲಿ ಅವಳು ಆಡಿದ್ದು ಅದೊಂದೇ ಮಾತು.

ಅಪ್ಪಾಸಾಹೇಬ ಇನ್ನೂ ಬಿಡಲಿಲ್ಲ. “ಮಳಿಗಾಲದಾಗ ಕೆಸರಿನ್ಯಾಗ ಸಿಕ್ರ?”

“ಸಿಕ್ರ ನೀ ನೂಕು.”

“ಊರ ಮಂದಿ ನಗತಾರ ಅವ್ವಾ. ಇಷ್ಟ ಕಬ್ಬ ಬೆಳದು ಇಂಥಾದ್ ತಂದ್ರು ಅಂತಾರ.”

“ನಗೋ ಮಂದಿ ಆಕಿನ್ನ ಏಳಕ್ಕ ದವಾಖಾನಿಗೆ ಮುಟ್ಟಸ್ತಾರೇನಲೇ?”

ರವಿವಾರ ಸಂಜೆ ಕೆಂಪು ಕಾರು ಅಂಗಳಕ್ಕೆ ಬಂತು. ರೇಖಾ ಕುಂಕುಮ ಹಚ್ಚಿದಳು, ಮಗ ಮುಖ ಊದಿಸಿಕೊಂಡೇ ಕಾಯಿ ಒಡೆದ.

ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲೆದ್ದು ಅಂಗಳ ನೋಡಿದೆ. ಕಾರು ಹೊರಳಿಸಬೇಕಾದ ಜಾಗದಲ್ಲೇ ನನ್ನ ಕುಳ್ಳಿನ ರಾಶಿ. ಗ್ಯಾಸು ಬಂದ ಮೇಲೂ ಬಿಡದೆ ಸಗಣಿ ತಟ್ಟಿ ಒಟ್ಟಿದ್ದು. ತೆಗೆಯೋಣ ಎಂದವರನ್ನೆಲ್ಲ ಬೈದು ಕಳಿಸಿದ್ದೆ. ಬುಟ್ಟಿ ತಂದೆ. ಹೊತ್ತು ಹೊತ್ತು ಕೊಟ್ಟಿಗೆಯ ಹಿಂದೆ ಹಾಕಿ ಬಂದೆ, ಯಾರನ್ನೂ ಕರೆಯಲಿಲ್ಲ. ರೇಖಾ ಬುತ್ತಿ ಹಿಡಿದು ಹೊರಬರುವಷ್ಟರಲ್ಲಿ ಅಲ್ಲಿ ಬರೀ ನೆಲ ಇತ್ತು, ನಾನು ಅದನ್ನು ಗುಡಿಸುತ್ತಿದ್ದೆ.